ಹೊಸ ತಿಪ್ಪಸಂದ್ರಕ್ಕೆ ಹೊಸದಾಗಿ ಬಂದು ನೆಲೆಸುವ ನಾಗರಿಕರಿಗೆ ವಸ್ತುಸಂಗ್ರಹಾಲಯಗಳು ಮತ್ತು ಚಲನಚಿತ್ರ ಪ್ರದರ್ಶನಗಳ ಬಗ್ಗೆ ಮಾಹಿತಿ

1. ಪೀಠಿಕೆ

ಉದ್ಯೋಗ, ವಿದ್ಯಾಭ್ಯಾಸ, ವೈದ್ಯಕೀಯ ಚಿಕಿತ್ಸೆ ಮೊದಲಾದ ಕಾರಣಗಳಿಂದ ರಾಜ್ಯದ ವಿವಿಧ ಜಿಲ್ಲೆಗಳಿಂದಲೂ ಹೊರರಾಜ್ಯಗಳಿಂದಲೂ ಬೆಂಗಳೂರಿಗೆ ಬರುವ ಅನೇಕ ಕುಟುಂಬಗಳು ನಗರದ ಪೂರ್ವ ಭಾಗದಲ್ಲಿರುವ ಹೊಸ ತಿಪ್ಪಸಂದ್ರ, ಜೀವನ್ ಬಿಮಾ ನಗರ, ಸಿ.ವಿ. ರಾಮನ್ ನಗರ, ಮಲ್ಲೇಶಪಾಳ್ಯ ಮುಂತಾದ ಬಡಾವಣೆಗಳಲ್ಲಿ ನೆಲೆಸುತ್ತವೆ. ಇಂತಹವರ ಮೊದಲ ಕೆಲವು ತಿಂಗಳುಗಳು ಬಾಡಿಗೆ ಕರಾರು ಪತ್ರ, ಅಡುಗೆ ಅನಿಲ ಸಂಪರ್ಕ, ಆಧಾರ್ ವಿಳಾಸ ಬದಲಾವಣೆ, ಮತದಾರರ ಪಟ್ಟಿಗೆ ಹೆಸರು ಸೇರ್ಪಡೆ, ಮಕ್ಕಳ ಶಾಲಾ ಪ್ರವೇಶ ಇವುಗಳಲ್ಲಿಯೇ ಕಳೆದುಹೋಗುವುದು ಸಹಜ. ಈ ಕಾರ್ಯಗಳೆಲ್ಲ ಮುಗಿದ ನಂತರವೂ ಅನೇಕರ ಪಾಲಿಗೆ ಬೆಂಗಳೂರು ಎಂದರೆ ಮನೆಯಿಂದ ಕಚೇರಿಗೆ ಹೋಗುವ ರಸ್ತೆ ಮಾತ್ರವಾಗಿ ಉಳಿಯುತ್ತದೆ.

"ದೇಶ ಸುತ್ತು, ಕೋಶ ಓದು" ಎಂಬುದು ಕನ್ನಡದ ಹಳೆಯ ಗಾದೆ. ಹೊಸ ಊರನ್ನು ಅರಿಯಲು ಈ ಎರಡನ್ನೂ ಒಟ್ಟಿಗೆ ಮಾಡಲು ಅವಕಾಶವಿರುವ ಸ್ಥಳಗಳೆಂದರೆ ವಸ್ತುಸಂಗ್ರಹಾಲಯಗಳು ಮತ್ತು ಉತ್ತಮ ಚಲನಚಿತ್ರಗಳ ಪ್ರದರ್ಶನಗಳು. ಈ ಸೌಲಭ್ಯಗಳು ಎಲ್ಲೆಲ್ಲಿವೆ, ಅವುಗಳನ್ನು ಪಡೆಯುವ ಬಗೆ ಯಾವುದು, ಅಲ್ಲಿ ಗಮನಿಸಬೇಕಾದ ಸಂಗತಿಗಳು ಯಾವುವು ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಗೆ ವಿವರಿಸಲಾಗಿದೆ.

2. ಅರ್ಹತೆ ಮತ್ತು ದಾಖಲೆಗಳು

ಹೊಸದಾಗಿ ಬಂದವರು ಯಾವ ಕಚೇರಿಗೆ ಹೋದರೂ ಮೊದಲು ಎದುರಾಗುವ ಪ್ರಶ್ನೆ ವಿಳಾಸದ ಪುರಾವೆಯದು. ವಸ್ತುಸಂಗ್ರಹಾಲಯಗಳ ವಿಷಯದಲ್ಲಿ ಈ ತೊಡಕು ಇಲ್ಲ. ನಗರದಲ್ಲಿ ಇಷ್ಟು ವರ್ಷ ವಾಸವಿರಬೇಕೆಂಬ ನಿಬಂಧನೆಯಾಗಲಿ, ವಾಸಸ್ಥಳ ದೃಢೀಕರಣ ಪತ್ರ ಸಲ್ಲಿಸಬೇಕೆಂಬ ನಿಯಮವಾಗಲಿ ಪ್ರವೇಶಕ್ಕೆ ಅಡ್ಡಿಯಾಗುವುದಿಲ್ಲ. ನಿನ್ನೆ ಬಂದಿಳಿದವರೂ ನಾಲ್ಕು ತಲೆಮಾರಿನಿಂದ ಇಲ್ಲಿಯೇ ಇರುವವರೂ ಒಂದೇ ಬಾಗಿಲಿನಿಂದ ಒಳಹೋಗುತ್ತಾರೆ. ಆದಾಗ್ಯೂ ಈ ಕೆಳಕಂಡ ಸಂದರ್ಭಗಳಲ್ಲಿ ಗುರುತಿನ ಚೀಟಿ ಜೊತೆಯಲ್ಲಿರುವುದು ಉಪಯುಕ್ತ:

(ಅ) ವಿದ್ಯಾರ್ಥಿಗಳು, ಹಿರಿಯ ನಾಗರಿಕರು ಅಥವಾ ವಿಕಲಚೇತನರು ಶುಲ್ಕ ರಿಯಾಯಿತಿ ಕೋರುವಾಗ.

(ಆ) ಚಲನಚಿತ್ರೋತ್ಸವಗಳ ಪ್ರತಿನಿಧಿ ಪಾಸು ಪಡೆಯುವಾಗ. ಇಂತಹ ಉತ್ಸವಗಳಲ್ಲಿ ಪ್ರಮಾಣಪತ್ರದಿಂದ ವಿನಾಯಿತಿ ಪಡೆದ ಚಿತ್ರಗಳು ಪ್ರದರ್ಶನಗೊಳ್ಳುವುದರಿಂದ 18 ವರ್ಷ ತುಂಬಿದವರಿಗೆ ಮಾತ್ರ ಪಾಸು ನೀಡಲಾಗುತ್ತದೆ.

(ಇ) ಮಹಿಳೆಯರು ಶಕ್ತಿ ಯೋಜನೆಯಡಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸುವಾಗ. 2023ರ ಜೂನ್ 11ರಿಂದ ಜಾರಿಗೆ ಬಂದ ಈ ಯೋಜನೆಯು ಕರ್ನಾಟಕದ ನಿವಾಸಿಗಳಿಗೆ ಅನ್ವಯಿಸುತ್ತದೆ. ಹೊರರಾಜ್ಯದಿಂದ ಬಂದವರು ತಮ್ಮ ಗುರುತಿನ ಚೀಟಿಯಲ್ಲಿ ವಿಳಾಸ ಬದಲಾಗುವವರೆಗೆ ಟಿಕೆಟ್ ಪಡೆದು ಪ್ರಯಾಣಿಸಬೇಕಾಗುತ್ತದೆ.

3. ಮನೆಯ ಸಮೀಪದಿಂದಲೇ ಆರಂಭ

ವಸ್ತುಸಂಗ್ರಹಾಲಯವೆಂದರೆ ದೂರದ ಕಬ್ಬನ್ ಉದ್ಯಾನದ ಕೆಂಪು ಕಟ್ಟಡವೆಂದೇ ಹಲವರು ಭಾವಿಸುತ್ತಾರೆ. ದೀಪದ ಬುಡದಲ್ಲಿ ಕತ್ತಲು ಎಂಬಂತೆ, ಹೊಸ ತಿಪ್ಪಸಂದ್ರದ ನಿವಾಸಿಗಳು ದಿನನಿತ್ಯ ಓಡಾಡುವ ರಸ್ತೆಯ ಹೆಸರಿನಲ್ಲಿಯೇ ಒಂದು ಚರಿತ್ರೆ ಅಡಗಿದೆ.

ಹಳೆಯ ಮದ್ರಾಸು ರಸ್ತೆಯನ್ನು ಹಳೆಯ ವಿಮಾನ ನಿಲ್ದಾಣ ರಸ್ತೆಗೆ ಜೋಡಿಸುವ ಸುರಂಜನ್ ದಾಸ್ ರಸ್ತೆಗೆ ಆ ಹೆಸರು ಬಂದದ್ದು ಭಾರತೀಯ ವಾಯುಪಡೆಯ ಪರೀಕ್ಷಾ ವಿಮಾನ ಚಾಲಕ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅವರಿಂದ. ಜರ್ಮನಿಯ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ "ಮಾರುತ್" ಯುದ್ಧ ವಿಮಾನವು 1961ರ ಜೂನ್ ತಿಂಗಳಿನಲ್ಲಿ ಮೊದಲ ಬಾರಿಗೆ ಹಾರಿದಾಗ ಅದರ ಚಾಲಕರಾಗಿದ್ದವರು ಇವರೇ. 1970ರ ಜನವರಿ 10ರಂದು ಅದೇ ವಿಮಾನದ ಸುಧಾರಿತ ಮಾದರಿಯೊಂದನ್ನು ಬೆಂಗಳೂರಿನಿಂದ ಹಾರಿಸುತ್ತಿದ್ದಾಗ ಸಂಭವಿಸಿದ ಅಪಘಾತದಲ್ಲಿ ಅವರು ನಿಧನರಾದರು.

ಈ ಮಾರುತ್ ವಿಮಾನವನ್ನು ಇಂದು ಕಣ್ಣಾರೆ ಕಾಣಬಯಸುವವರು ಹೆಚ್ಚು ದೂರ ಹೋಗಬೇಕಾಗಿಲ್ಲ. ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ 2001ರಲ್ಲಿ ಆರಂಭವಾದ ಎಚ್‌ಎಎಲ್ ಪಾರಂಪರಿಕ ಕೇಂದ್ರ ಮತ್ತು ವಿಮಾನ ವಸ್ತುಸಂಗ್ರಹಾಲಯದ ಆವರಣದಲ್ಲಿ ಅದನ್ನು ಇತರ ವಿಮಾನಗಳ ಜೊತೆ ಇರಿಸಲಾಗಿದೆ. ಇಲ್ಲಿನ ಒಂದು ಸಭಾಂಗಣದಲ್ಲಿ 1940ರಿಂದ ಮೊದಲ್ಗೊಂಡು ದಶಕವಾರು ಛಾಯಾಚಿತ್ರಗಳಿವೆ. ಮತ್ತೊಂದರಲ್ಲಿ ವಿಮಾನ ಎಂಜಿನುಗಳು ಕೆಲಸ ಮಾಡುವ ಬಗೆಯನ್ನು ತೋರಿಸುವ ಮಾದರಿಗಳಿವೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು 1940ರ ಡಿಸೆಂಬರ್‌ನಲ್ಲಿ, ಮೈಸೂರು ಸಂಸ್ಥಾನದ ಸಹಭಾಗಿತ್ವದೊಂದಿಗೆ, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಇಲ್ಲಿ ಸ್ಥಾಪಿಸಿದರು. 1964ರಲ್ಲಿ ಅದು ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ಸುತ್ತಮುತ್ತಲಿನ ಬಡಾವಣೆಗಳಿಗೆ "ಎಚ್‌ಎಎಲ್ 2ನೇ ಹಂತ", "ಎಚ್‌ಎಎಲ್ 3ನೇ ಹಂತ" ಎಂಬ ಹೆಸರುಗಳು ಏಕೆ ಬಂದವೆಂಬುದು ಇಲ್ಲಿ ಒಂದು ಗಂಟೆ ಕಳೆದವರಿಗೆ ತಾನಾಗಿಯೇ ತಿಳಿಯುತ್ತದೆ. 2008ರ ಮೇ ತಿಂಗಳವರೆಗೆ ನಗರದ ನಾಗರಿಕ ವಿಮಾನ ಸಂಚಾರವೂ ಇದೇ ಎಚ್‌ಎಎಲ್ ನಿಲ್ದಾಣದಿಂದ ನಡೆಯುತ್ತಿತ್ತು. ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ನಂತರ ಅದು ಅಲ್ಲಿಗೆ ಸ್ಥಳಾಂತರಗೊಂಡಿತು.

ಇದೇ ರಸ್ತೆಯ ಪಶ್ಚಿಮ ಭಾಗದಲ್ಲಿರುವ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯವು ಛಾವಣಿಯಿಲ್ಲದ ಸಂಗ್ರಹಾಲಯವೆಂದೇ ಹೇಳಬಹುದು. ಇಲ್ಲಿನ ಗೋಡೆ ಮತ್ತು ಬಾಗಿಲುಗಳ ಮೇಲಿನ ಹಳೆಯ ತಮಿಳು ಶಾಸನಗಳಲ್ಲಿ ಈ ಊರಿಗೆ ತೊಂಬಲೂರು, ದೇಶಿಮಾಣಿಕ್ಯಪಟ್ಟಣ ಎಂಬ ಹೆಸರುಗಳಿವೆ. ತಿಪ್ಪಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ ಮುಂತಾದ ಹೆಸರುಗಳ ಕೊನೆಯಲ್ಲಿ ಬರುವ "ಸಂದ್ರ" ಎಂಬುದು "ಸಮುದ್ರ" ಅಂದರೆ ದೊಡ್ಡ ಕೆರೆ ಎಂಬ ಪದದ ರೂಪಾಂತರ. ಊರ ಹೆಸರಿನಲ್ಲಿ ಉಳಿದಿರುವ ಕೆರೆಯನ್ನು ಇಂದು ನೆಲದ ಮೇಲೆ ಹುಡುಕುವುದು ಸುಲಭವಲ್ಲ.

4. ಕಸ್ತೂರಬಾ ರಸ್ತೆಯ ಸಂಗ್ರಹಾಲಯಗಳು

ನಮ್ಮ ಮೆಟ್ರೋದ ನೇರಳೆ ಮಾರ್ಗದ ಸ್ವಾಮಿ ವಿವೇಕಾನಂದ ರಸ್ತೆ ಅಥವಾ ಇಂದಿರಾನಗರ ನಿಲ್ದಾಣದಲ್ಲಿ ಹತ್ತಿ, ಮಹಾತ್ಮ ಗಾಂಧಿ ರಸ್ತೆ ಅಥವಾ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಕಸ್ತೂರಬಾ ರಸ್ತೆಗೆ ನಡೆದುಹೋಗಬಹುದು. ಇಲ್ಲಿ ಒಂದೇ ರಸ್ತೆಯಲ್ಲಿ ನಾಲ್ಕು ಸಂಗ್ರಹಾಲಯಗಳಿವೆ.

4.1 ಸರ್ಕಾರಿ ವಸ್ತುಸಂಗ್ರಹಾಲಯ

ದೇಶದ ಹಳೆಯ ವಸ್ತುಸಂಗ್ರಹಾಲಯಗಳಲ್ಲಿ ಒಂದಾದ ಇದು 1865ರಲ್ಲಿ ಸ್ಥಾಪನೆಯಾಯಿತು. 1851ರಲ್ಲಿ ಮದ್ರಾಸಿನ ಸಂಗ್ರಹಾಲಯವನ್ನು ಆರಂಭಿಸಿದ್ದ ವೈದ್ಯ ಎಡ್ವರ್ಡ್ ಬಾಲ್ಫರ್ ಅವರೇ ಇದರ ಸ್ಥಾಪನೆಗೂ ಕಾರಣರು. ಮೊದಲಿಗೆ ಇದು ದಂಡು ಪ್ರದೇಶದ ಹಳೆಯ ಸೆರೆಮನೆಯ ಕಟ್ಟಡದಲ್ಲಿತ್ತು. ಆ ರಸ್ತೆಗೆ ಮ್ಯೂಸಿಯಂ ರಸ್ತೆ ಎಂಬ ಹೆಸರು ಇಂದಿಗೂ ಉಳಿದಿದೆ. ಸಂಗ್ರಹಾಲಯವು 1870ರ ದಶಕದ ಕೊನೆಯಲ್ಲಿ ಈಗಿನ ಕೆಂಪು ಕಟ್ಟಡಕ್ಕೆ ಬಂದಿತು.

ಚಂದ್ರವಳ್ಳಿಯ ಉತ್ಖನನದಲ್ಲಿ ದೊರೆತ ವಸ್ತುಗಳು, ಹಳೇಬೀಡಿನ ಶಿಲ್ಪಗಳು, ನಾಣ್ಯಗಳು, ಆಯುಧಗಳು, ಮೈಸೂರು ಶೈಲಿಯ ವರ್ಣಚಿತ್ರಗಳು ಈ ಸಂಗ್ರಹದಲ್ಲಿವೆ. ಇವುಗಳ ಪೈಕಿ ಸಾಮಾನ್ಯ ಸಂದರ್ಶಕರೂ ತಪ್ಪದೆ ತಿಳಿದಿರಬೇಕಾದದ್ದು ಆತಕೂರಿನ ಶಾಸನ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಈ ಕಲ್ಲು ಕ್ರಿ.ಶ. 949-50ರ ಕಾಲದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದ ಸಂಗತಿ ಇದರಲ್ಲಿದೆ. ಆ ಯುದ್ಧದಲ್ಲಿ ಗಂಗರ ದೊರೆ ಬೂತುಗನ ಪಕ್ಷದಲ್ಲಿ ಹೋರಾಡಿದ ಮಣಲೆರ ಎಂಬ ವೀರನಿಗೆ ಬೇಕಾದುದನ್ನು ಕೇಳುವಂತೆ ದೊರೆ ಹೇಳಿದಾಗ, ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿದ್ದು ಕಾದಾಡಿ, ಎರಡೂ ಪ್ರಾಣಿಗಳು ಸತ್ತವು. ನಾಯಿಯ ನೆನಪಿಗಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಡಲಾಯಿತು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿಯ ಕಾಳಗವನ್ನು ಕೆತ್ತಲಾಗಿದೆ. ದೊಡ್ಡ ಯುದ್ಧವೊಂದರ ದಾಖಲೆಯೂ ಸಾಕುಪ್ರಾಣಿಯೊಂದರ ಮೇಲಿನ ಮಮತೆಯೂ ಒಂದೇ ಕಲ್ಲಿನಲ್ಲಿ ಸಾವಿರ ವರ್ಷಗಳಿಗೂ ಮೀರಿ ಉಳಿದುಬಂದಿವೆ. ಮಕ್ಕಳನ್ನು ಕರೆದೊಯ್ಯುವವರು ಈ ಕಥೆಯನ್ನು ಮೊದಲೇ ಹೇಳಿದ್ದಲ್ಲಿ ಅವರು ಇತರ ಕಲ್ಲುಗಳ ಮುಂದೆಯೂ ನಿಂತು ಪ್ರಶ್ನೆ ಕೇಳುತ್ತಾರೆ.

ವಿಶೇಷ ಸೂಚನೆ: ಹಳೆಯ ಕಟ್ಟಡಗಳಲ್ಲಿರುವ ಸಂಗ್ರಹಾಲಯಗಳ ಕೆಲವು ವಿಭಾಗಗಳು ಅಥವಾ ಇಡೀ ಕಟ್ಟಡವು ದುರಸ್ತಿ ಮತ್ತು ನವೀಕರಣದ ನಿಮಿತ್ತ ದೀರ್ಘಕಾಲ ಮುಚ್ಚಿರುವ ಸಂಭವವಿರುತ್ತದೆ. ಹೊರಡುವ ಮುನ್ನ ದೂರವಾಣಿ ಮೂಲಕ ವಿಚಾರಿಸಿಕೊಳ್ಳುವುದು ಸೂಕ್ತ.

4.2 ವೆಂಕಟಪ್ಪ ಚಿತ್ರಶಾಲೆ

ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿಯೇ ಇರುವ ಈ ಚಿತ್ರಶಾಲೆಯು ಕಲಾವಿದ ಕೆ. ವೆಂಕಟಪ್ಪ (1886-1965) ಅವರ ಹೆಸರಿನಲ್ಲಿದೆ. ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದಲ್ಲಿ ಜನಿಸಿದ ಇವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದರು. ಉದಕಮಂಡಲದ ಬೆಟ್ಟಗಳನ್ನು ಕುರಿತ ಇವರ ಜಲವರ್ಣ ಚಿತ್ರಗಳು ಪ್ರಸಿದ್ಧವಾಗಿವೆ.

4.3 ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ

ಸರ್ ಎಂ. ವಿಶ್ವೇಶ್ವರಯ್ಯನವರು ನಿಧನರಾದ ಮೂರು ತಿಂಗಳ ನಂತರ, 1962ರ ಜುಲೈ 14ರಂದು, ಪ್ರಧಾನಿ ಜವಾಹರಲಾಲ್ ನೆಹರೂ ಅವರು ಈ ಕಟ್ಟಡವನ್ನು ಉದ್ಘಾಟಿಸಿದರು. ಯಂತ್ರಗಳನ್ನು ಗಾಜಿನ ಹಿಂದೆ ಇಟ್ಟು ತೋರಿಸುವುದಕ್ಕಿಂತ ಗುಂಡಿ ಒತ್ತಿ, ಹಿಡಿ ತಿರುಗಿಸಿ ತಿಳಿಯುವಂತೆ ಮಾಡಿರುವುದು ಇಲ್ಲಿನ ವಿಶೇಷ. ಎಚ್‌ಎಎಲ್ ಸಂಗ್ರಹಾಲಯವನ್ನು ನೋಡಿದವರಿಗೆ ಇಲ್ಲಿನ ಆವರಣದಲ್ಲಿಯೂ ಒಂದು ಮಾರುತ್ ವಿಮಾನ ಎದುರಾಗುತ್ತದೆ.

4.4 ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯ

"ಮ್ಯಾಪ್" ಎಂಬ ಹೆಸರಿನಿಂದ ಪರಿಚಿತವಾದ ಈ ಖಾಸಗಿ ಸಂಗ್ರಹಾಲಯವು 2023ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು. ಕಲಾಕೃತಿ, ಜವಳಿ, ಛಾಯಾಚಿತ್ರಗಳ ಜೊತೆಗೆ ಹಳೆಯ ಚಲನಚಿತ್ರಗಳ ಭಿತ್ತಿಪತ್ರಗಳು ಮತ್ತು ಪ್ರಚಾರ ಚಿತ್ರಗಳನ್ನೂ ಕಲಾವಸ್ತುಗಳಂತೆ ಸಂರಕ್ಷಿಸಿರುವುದು ಗಮನಾರ್ಹ. ಗೋಡೆಗೆ ಅಂಟಿಸಿ ಮಳೆಗೆ ಬಿಟ್ಟಿದ್ದ ಕಾಗದವೂ ಕಾಪಾಡಿದಲ್ಲಿ ಚರಿತ್ರೆಯಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

5. ಇತರ ಸಂಗ್ರಹಾಲಯಗಳು

(ಅ) ಕೆಂಪೇಗೌಡ ವಸ್ತುಸಂಗ್ರಹಾಲಯ: ಮಹಾತ್ಮ ಗಾಂಧಿ ರಸ್ತೆಯ ಪೂರ್ವ ತುದಿಯಲ್ಲಿರುವ ಮೇಯೋ ಹಾಲ್ ಕಟ್ಟಡದಲ್ಲಿ 2011ರಲ್ಲಿ ಆರಂಭವಾಯಿತು. ಅಂಡಮಾನಿನಲ್ಲಿ 1872ರಲ್ಲಿ ಹತ್ಯೆಗೀಡಾದ ವೈಸರಾಯ್ ಲಾರ್ಡ್ ಮೇಯೋ ಸ್ಮರಣಾರ್ಥ ದಂಡು ಪ್ರದೇಶದಲ್ಲಿ ನಿರ್ಮಿಸಿದ ಕಟ್ಟಡದಲ್ಲಿ, ಪೇಟೆಯನ್ನು ಕಟ್ಟಿದ ಕೆಂಪೇಗೌಡರ ನೆನಪನ್ನು ಇರಿಸಲಾಗಿದೆ. ಪೇಟೆ ಮತ್ತು ದಂಡು ಎರಡೂ ಪ್ರತ್ಯೇಕ ಪುರಸಭೆಗಳಾಗಿದ್ದು 1949ರಲ್ಲಿ ಒಂದೇ ನಗರಪಾಲಿಕೆಯಾದವು ಎಂಬುದನ್ನು ಇಲ್ಲಿ ಸ್ಮರಿಸಬಹುದು.

(ಆ) ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ: ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರ ಫೆಬ್ರವರಿಯಲ್ಲಿ ಆರಂಭವಾಯಿತು. ದೆಹಲಿ ಮತ್ತು ಮುಂಬಯಿಯ ನಂತರ ಇದು ಮೂರನೆಯದು. ಸೋಮವಾರ ರಜೆ. ಇಲ್ಲಿನ ಸಭಾಂಗಣದಲ್ಲಿ ಕಲೆಗೆ ಸಂಬಂಧಿಸಿದ ಚಲನಚಿತ್ರಗಳನ್ನೂ ಪ್ರದರ್ಶಿಸಲಾಗುತ್ತದೆ.

(ಇ) ಕರ್ನಾಟಕ ಚಿತ್ರಕಲಾ ಪರಿಷತ್ತು: 1960ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯು ಕುಮಾರಕೃಪಾ ರಸ್ತೆಯಲ್ಲಿದೆ. ತೊಗಲುಗೊಂಬೆಗಳು, ಮೈಸೂರು ಶೈಲಿಯ ಚಿತ್ರಗಳು ಹಾಗೂ ರಷ್ಯಾ ಮೂಲದ ನಿಕೊಲಾಯ್ ಮತ್ತು ಸ್ವೆತೊಸ್ಲಾವ್ ರೋರಿಕ್ ಅವರ ಚಿತ್ರಗಳು ಇಲ್ಲಿವೆ. ಸ್ವೆತೊಸ್ಲಾವ್ ಅವರ ಪತ್ನಿ ದೇವಿಕಾ ರಾಣಿ ಅವರು ಬಾಂಬೆ ಟಾಕೀಸ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು ಹಾಗೂ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯ ಮೊದಲ ಪುರಸ್ಕೃತರು. ಹೊರಗಿನಿಂದ ಬಂದ ಈ ದಂಪತಿಗಳು ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ದಶಕಗಳ ಕಾಲ ನೆಲೆಸಿ ಬೆಂಗಳೂರಿನವರೇ ಆದರು. 2003ರಲ್ಲಿ ಆರಂಭವಾದ "ಚಿತ್ರಸಂತೆ" ಪ್ರತಿ ವರ್ಷದ ಆರಂಭದಲ್ಲಿ ಇದೇ ರಸ್ತೆಯಲ್ಲಿ ನಡೆಯುತ್ತದೆ.

6. ಚಲನಚಿತ್ರ ಪ್ರದರ್ಶನಗಳು

ದಂಡು ಪ್ರದೇಶದ ಹಳೆಯ ಚಿತ್ರಮಂದಿರಗಳು ಒಂದೊಂದಾಗಿ ಮರೆಯಾಗಿವೆ. 1936ರಲ್ಲಿ ಆರಂಭವಾದ ಪ್ಲಾಜಾ ಚಿತ್ರಮಂದಿರವಿದ್ದ ಜಾಗದಲ್ಲಿ ಇಂದು ಮೆಟ್ರೋ ನಿಲ್ದಾಣವಿದೆ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಡಿಸೆಂಬರ್ ಅಂತ್ಯಕ್ಕೆ ಮುಚ್ಚಿತು. ವ್ಯಾಪಾರಿ ಚಿತ್ರಗಳಿಗೆ ಮಾಲ್‌ಗಳಲ್ಲಿ ಅವಕಾಶವಿದೆಯಾದರೂ, ಹಳೆಯ ಚಿತ್ರಗಳು, ಸಾಕ್ಷ್ಯಚಿತ್ರಗಳು ಹಾಗೂ ಅನ್ಯದೇಶಗಳ ಚಿತ್ರಗಳನ್ನು ನೋಡಬಯಸುವವರಿಗೆ ಈ ಕೆಳಕಂಡ ಮಾರ್ಗಗಳಿವೆ.

6.1 ಸಮೀಪದ ಸಂಸ್ಥೆಗಳು: ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಮತ್ತು ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನ ಎರಡೂ ಹೊಸ ತಿಪ್ಪಸಂದ್ರಕ್ಕೆ ಹತ್ತಿರದಲ್ಲಿವೆ. ವಸಂತನಗರದ ಅಲಿಯಾನ್ಸ್ ಫ್ರಾನ್ಸೈಸ್‌ನಲ್ಲಿ ಫ್ರೆಂಚ್ ಚಿತ್ರಗಳ ಪ್ರದರ್ಶನಗಳಿರುತ್ತವೆ. ಇವುಗಳಲ್ಲಿ ಅನೇಕ ಪ್ರದರ್ಶನಗಳು ಉಚಿತ. ಕೆಲವಕ್ಕೆ ಮುಂಚಿತವಾಗಿ ಹೆಸರು ನೋಂದಾಯಿಸಬೇಕಾಗುತ್ತದೆ.

6.2 ಚಿತ್ರ ಸಮಾಜಗಳು: ಸತ್ಯಜಿತ್ ರಾಯ್ ಅವರು ಮೊದಲ ಅಧ್ಯಕ್ಷರಾಗಿದ್ದ ಭಾರತೀಯ ಚಿತ್ರ ಸಮಾಜಗಳ ಒಕ್ಕೂಟವು 1959ರಲ್ಲಿ ರಚನೆಯಾಯಿತು. ಬೆಂಗಳೂರಿನಲ್ಲಿ 1971ರಲ್ಲಿ ಆರಂಭವಾದ ಸುಚಿತ್ರಾ ಫಿಲಂ ಸೊಸೈಟಿಯು ಬನಶಂಕರಿ 2ನೇ ಹಂತದಲ್ಲಿ ಸ್ವಂತ ಸಭಾಂಗಣ ಹೊಂದಿದೆ. ಕೆಂಪೇಗೌಡ ಮೆಟ್ರೋ ನಿಲ್ದಾಣದಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿಕೊಂಡು ಬನಶಂಕರಿಗೆ ತಲುಪಬಹುದು. ಚಿತ್ರ ಸಮಾಜದ ಸದಸ್ಯತ್ವ ಪಡೆಯುವುದರಿಂದ ಆಗುವ ಮುಖ್ಯ ಪ್ರಯೋಜನವೆಂದರೆ, ಪ್ರದರ್ಶನದ ನಂತರ ನಡೆಯುವ ಚರ್ಚೆಗಳಲ್ಲಿ ಭಾಗವಹಿಸುವ ಅವಕಾಶ. ಊರಿನಲ್ಲಿ ಪರಿಚಿತರಿಲ್ಲದವರಿಗೆ ಸಮಾನ ಆಸಕ್ತಿಯ ಜನ ದೊರೆಯುವುದು ಹೆಚ್ಚಾಗಿ ಇಂತಹ ಚರ್ಚೆಗಳಲ್ಲಿಯೇ.

6.3 ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವ: 2006ರಲ್ಲಿ ಆರಂಭವಾದ ಈ ಉತ್ಸವವನ್ನು ರಾಜ್ಯ ಸರ್ಕಾರದ ಪರವಾಗಿ ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುತ್ತಿದೆ. 16ನೇ ಉತ್ಸವವು 2025ರ ಮಾರ್ಚ್ 1ರಿಂದ 8ರವರೆಗೆ ನಡೆಯಿತು. ಏಷ್ಯಾ, ಭಾರತೀಯ ಹಾಗೂ ಕನ್ನಡ ಚಿತ್ರಗಳಿಗೆ ಪ್ರತ್ಯೇಕ ಸ್ಪರ್ಧಾ ವಿಭಾಗಗಳಿರುತ್ತವೆ. ಪ್ರತಿನಿಧಿ ಶುಲ್ಕದಲ್ಲಿ ವಿದ್ಯಾರ್ಥಿಗಳು, ಹಿರಿಯ ನಾಗರಿಕರು ಮತ್ತು ಚಿತ್ರ ಸಮಾಜದ ಸದಸ್ಯರಿಗೆ ರಿಯಾಯಿತಿ ನೀಡುತ್ತ ಬರಲಾಗಿದೆ. ಪಾಸು ಇದ್ದರೂ ಆಸನವು ಮೊದಲು ಬಂದವರಿಗೆ ಆದ್ಯತೆಯ ಮೇರೆಗೆ ದೊರೆಯುವುದರಿಂದ ಸಾಕಷ್ಟು ಮುಂಚಿತವಾಗಿ ಸರತಿಯಲ್ಲಿ ನಿಲ್ಲತಕ್ಕದ್ದು.

6.4 ಪ್ರಮಾಣಪತ್ರದ ವರ್ಗಗಳು: ಚಲನಚಿತ್ರ ಕಾಯ್ದೆ, 1952ಕ್ಕೆ 2023ರಲ್ಲಿ ಆದ ತಿದ್ದುಪಡಿಯ ಪ್ರಕಾರ "ಯುಎ" ವರ್ಗವನ್ನು ಯುಎ 7+, ಯುಎ 13+ ಮತ್ತು ಯುಎ 16+ ಎಂದು ವಿಂಗಡಿಸಲಾಗಿದೆ. ಸೂಚಿತ ವಯಸ್ಸಿಗಿಂತ ಚಿಕ್ಕ ಮಕ್ಕಳು ಚಿತ್ರ ನೋಡಬಹುದೇ ಎಂಬುದು ಪೋಷಕರ ವಿವೇಚನೆಗೆ ಬಿಟ್ಟದ್ದು. "ಎ" ವರ್ಗದ ಚಿತ್ರಗಳಿಗೆ 18 ವರ್ಷದೊಳಗಿನವರಿಗೆ ಪ್ರವೇಶವಿರುವುದಿಲ್ಲ.

7. ಉಳಿದದ್ದು ಮತ್ತು ಉಳಿಯದೆ ಹೋದದ್ದು

ಸಂಗ್ರಹಾಲಯಗಳೂ ಪ್ರದರ್ಶನಗಳೂ ಕೇವಲ ಬಿಡುವಿನ ವೇಳೆಯ ಮನರಂಜನೆ ಎಂಬ ಅಭಿಪ್ರಾಯವಿದೆ. ಈ ಅಭಿಪ್ರಾಯ ಸರಿಯಲ್ಲವೆಂಬುದನ್ನು ಕನ್ನಡದ ಎರಡು ಚಲನಚಿತ್ರಗಳ ಸ್ಥಿತಿಯಿಂದ ತಿಳಿಯಬಹುದು.

ಕನ್ನಡದ ಮೊದಲ ವಾಕ್ಚಿತ್ರವಾಗಿ ತೆರೆಕಂಡ "ಸತಿ ಸುಲೋಚನಾ" 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ವೈ.ವಿ. ರಾವ್ ಅವರ ನಿರ್ದೇಶನದಲ್ಲಿ ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬ ಅವರು ಅಭಿನಯಿಸಿದ ಈ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಸ್ಥಾಪನೆಯಾದದ್ದೇ 1964ರಲ್ಲಿ, ಅಂದರೆ ಚಿತ್ರ ಬಿಡುಗಡೆಯಾದ 30 ವರ್ಷಗಳ ನಂತರ. ಸಾವಿರ ವರ್ಷದ ಹಿಂದಿನ ಬೇಟೆನಾಯಿಯ ಹೆಸರು ನಮಗೆ ತಿಳಿದಿದೆ. ಆದರೆ ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ತೆರೆಯ ಮೇಲೆ ಕೇಳಿದ ಮೊದಲ ಕನ್ನಡ ಮಾತು ಹೇಗಿತ್ತೆಂಬುದನ್ನು ಇನ್ನು ಕೇಳಲಾಗದು.

ಇದಕ್ಕೆ ವ್ಯತಿರಿಕ್ತವಾಗಿ, ಗಿರೀಶ ಕಾಸರವಳ್ಳಿ ಅವರ "ಘಟಶ್ರಾದ್ಧ" (1977) ಚಿತ್ರವನ್ನು ಮುಂಬಯಿಯ ಫಿಲಂ ಹೆರಿಟೇಜ್ ಫೌಂಡೇಶನ್ ಸಂಸ್ಥೆಯು ಅಂತರರಾಷ್ಟ್ರೀಯ ನೆರವಿನೊಂದಿಗೆ ಪುನರುಜ್ಜೀವನಗೊಳಿಸಿತು. 2024ರಲ್ಲಿ ಅದು ವೆನಿಸ್ ಚಲನಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಮೂಲ ಸಾಮಗ್ರಿಯನ್ನು ಯಾರೋ ಕಾಪಾಡಿಟ್ಟಿದ್ದರಿಂದ ಇದು ಸಾಧ್ಯವಾಯಿತು. ಕಲ್ಲಾಗಲಿ, ಕಾಗದವಾಗಲಿ, ಚಿತ್ರಸುರುಳಿಯಾಗಲಿ, ಕೇಳುವವರು ಮತ್ತು ನೋಡುವವರು ಇರುವವರೆಗೆ ಮಾತ್ರ ಅದನ್ನು ಕಾಪಾಡುವ ಏರ್ಪಾಡುಗಳೂ ಮುಂದುವರಿಯುತ್ತವೆ. ಪ್ರೇಕ್ಷಕರ ಹಾಜರಾತಿಯೂ ಸಂರಕ್ಷಣೆಯ ಒಂದು ಭಾಗ.

8. ದೂರು ಮತ್ತು ಮಾಹಿತಿಗಾಗಿ ಯಾರನ್ನು ಸಂಪರ್ಕಿಸಬೇಕು

ಒಂದೇ ರಸ್ತೆಯಲ್ಲಿದ್ದರೂ ಈ ಸಂಸ್ಥೆಗಳ ಆಡಳಿತ ಬೇರೆ ಬೇರೆ. ತಪ್ಪು ಕಚೇರಿಗೆ ಬರೆದ ಅರ್ಜಿಗಳು ವಿಳಂಬವಾಗುವುದರಿಂದ ಈ ವಿವರವನ್ನು ಗಮನಿಸಬೇಕು.

(ಅ) ಸರ್ಕಾರಿ ವಸ್ತುಸಂಗ್ರಹಾಲಯ ಮತ್ತು ವೆಂಕಟಪ್ಪ ಚಿತ್ರಶಾಲೆ: ರಾಜ್ಯ ಸರ್ಕಾರ.
(ಆ) ವಿಶ್ವೇಶ್ವರಯ್ಯ ಸಂಗ್ರಹಾಲಯ: ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಮಂಡಳಿ, ಕೇಂದ್ರ ಸಂಸ್ಕೃತಿ ಸಚಿವಾಲಯ.
(ಇ) ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ: ಕೇಂದ್ರ ಸಂಸ್ಕೃತಿ ಸಚಿವಾಲಯ.
(ಈ) ಎಚ್‌ಎಎಲ್ ಸಂಗ್ರಹಾಲಯ: ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ, ಕೇಂದ್ರ ಸರ್ಕಾರದ ಉದ್ಯಮ.
(ಉ) ಮ್ಯಾಪ್, ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್: ಖಾಸಗಿ ಆಡಳಿತ. ಸಂಬಂಧಿಸಿದ ಸಂಸ್ಥೆಯನ್ನೇ ನೇರವಾಗಿ ಸಂಪರ್ಕಿಸಬೇಕು.

ಮೊದಲ ನಾಲ್ಕು ವರ್ಗಗಳ ಸಂಸ್ಥೆಗಳಿಂದ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂಪಾಯಿ ಅರ್ಜಿ ಶುಲ್ಕದೊಂದಿಗೆ ಮಾಹಿತಿ ಕೋರಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

9. ಸಾರ್ವಜನಿಕರ ಕರ್ತವ್ಯ

ನಮ್ಮ ಸಮ್ಮಿಶ್ರ ಸಂಸ್ಕೃತಿಯ ಶ್ರೀಮಂತ ಪರಂಪರೆಯನ್ನು ಗೌರವಿಸಿ ಸಂರಕ್ಷಿಸುವುದು ಸಂವಿಧಾನದ 51ಎ ಅನುಚ್ಛೇದದ ಪ್ರಕಾರ ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ. ಆದ್ದರಿಂದ ಸಂದರ್ಶಕರು ಶಿಲ್ಪ ಮತ್ತು ಚಿತ್ರಗಳನ್ನು ಮುಟ್ಟಬಾರದು. ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯಬಾರದು. ಪ್ರದರ್ಶನದ ವೇಳೆ ಮೊಬೈಲ್ ದೂರವಾಣಿಯನ್ನು ನಿಶ್ಶಬ್ದಗೊಳಿಸಬೇಕು. ಮನೆ ಅಥವಾ ರಸ್ತೆ ಕಾಮಗಾರಿಯ ವೇಳೆ ಶಾಸನ, ವೀರಗಲ್ಲು ಕಂಡುಬಂದಲ್ಲಿ ಅದನ್ನು ಒಡೆಯದೆ, ಬಣ್ಣ ಬಳಿಯದೆ, ಸ್ಥಳಾಂತರಿಸದೆ ತಹಶೀಲ್ದಾರರ ಕಚೇರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಬೇಕು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಒಂದೇ ದಿನದಲ್ಲಿ ಎಲ್ಲವನ್ನೂ ನೋಡಬಹುದೇ?
ಉತ್ತರ: ನೋಡಬಹುದಾದರೂ ಉಚಿತವಲ್ಲ. ಒಂದು ದಿನಕ್ಕೆ ಒಂದು ಅಥವಾ ಎರಡು ಸಂಗ್ರಹಾಲಯ ಸಾಕು. ಮೊದಲ ಭಾನುವಾರ ಎಚ್‌ಎಎಲ್ ಸಂಗ್ರಹಾಲಯದಿಂದ ಆರಂಭಿಸಿ, ನಂತರದ ವಾರ ಕಸ್ತೂರಬಾ ರಸ್ತೆಗೆ ಹೋಗುವುದು ಅನುಕೂಲಕರ. ಅನೇಕ ಸಂಗ್ರಹಾಲಯಗಳಿಗೆ ಸೋಮವಾರ ವಾರದ ರಜೆ ಇರುತ್ತದೆ.

ಪ್ರಶ್ನೆ: ಕನ್ನಡ ಬಾರದವರಿಗೆ, ಇಂಗ್ಲಿಷ್ ಬಾರದವರಿಗೆ ತೊಂದರೆಯಾಗುವುದೇ?
ಉತ್ತರ: ಸರ್ಕಾರಿ ಸಂಗ್ರಹಾಲಯಗಳ ವಿವರ ಫಲಕಗಳು ಸಾಮಾನ್ಯವಾಗಿ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರುತ್ತವೆ. ಚಲನಚಿತ್ರೋತ್ಸವಗಳ ಚಿತ್ರಗಳಿಗೆ ಇಂಗ್ಲಿಷ್ ಉಪಶೀರ್ಷಿಕೆಗಳಿರುತ್ತವೆ. ಕನ್ನಡ ಕಲಿಯುತ್ತಿರುವವರಿಗೆ ಉಪಶೀರ್ಷಿಕೆಯಿರುವ ಕನ್ನಡ ಚಿತ್ರಗಳು ಉತ್ತಮ ಅಭ್ಯಾಸ.

ಪ್ರಶ್ನೆ: ಗಾಲಿಕುರ್ಚಿ ಬಳಸುವವರಿಗೆ ವ್ಯವಸ್ಥೆ ಇದೆಯೇ?
ಉತ್ತರ: ಸಾಂಸ್ಕೃತಿಕ ಸೌಲಭ್ಯಗಳು ವಿಕಲಚೇತನರಿಗೆ ದೊರೆಯುವಂತಿರಬೇಕೆಂದು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ತಿಳಿಸುತ್ತದೆ. ಹಳೆಯ ಕಟ್ಟಡಗಳಲ್ಲಿ ಮೇಲಿನ ಅಂತಸ್ತುಗಳಿಗೆ ಹೋಗುವ ವ್ಯವಸ್ಥೆ ಎಲ್ಲೆಡೆ ಒಂದೇ ರೀತಿ ಇಲ್ಲದಿರುವುದರಿಂದ ಮುಂಚಿತವಾಗಿ ತಿಳಿಸಿ ಹೋಗುವುದು ಸೂಕ್ತ.

ಪ್ರಶ್ನೆ: ಉಚಿತ ಪ್ರದರ್ಶನಕ್ಕೆ ಹೆಸರು ನೋಂದಾಯಿಸಿದ್ದರೂ ಆಸನ ದೊರೆಯಲಿಲ್ಲ. ಇದು ಸರಿಯೇ?
ಉತ್ತರ: ಅನೇಕ ಕಡೆಗಳಲ್ಲಿ ನೋಂದಣಿಯು ಆಸನದ ಖಾತರಿಯಲ್ಲ. ಪ್ರದರ್ಶನಕ್ಕೆ ಅರ್ಧ ಗಂಟೆ ಮುಂಚಿತವಾಗಿ ತಲುಪುವುದು ಒಳ್ಳೆಯದು.

ಪ್ರಶ್ನೆ: ಮನೆಯಲ್ಲಿ ಹಳೆಯ ಚಲನಚಿತ್ರ ಸುರುಳಿಗಳಿವೆ. ಏನು ಮಾಡಬೇಕು?
ಉತ್ತರ: ಗುಜರಿಗೆ ಹಾಕಬಾರದು. 1950ರ ದಶಕದ ಆರಂಭಕ್ಕಿಂತ ಹಿಂದಿನ ಸುರುಳಿಗಳು ನೈಟ್ರೇಟ್ ಫಿಲಂ ಆಗಿರುವ ಸಾಧ್ಯತೆಯಿದ್ದು, ಅವು ಬೇಗನೆ ಬೆಂಕಿ ಹೊತ್ತಿಕೊಳ್ಳುತ್ತವೆ. ನಂತರದ ಸುರುಳಿಗಳಿಂದ ವಿನೆಗರ್‌ನಂತಹ ಹುಳಿ ವಾಸನೆ ಬರುತ್ತಿದ್ದಲ್ಲಿ ಅವು ಕೆಡಲಾರಂಭಿಸಿವೆ ಎಂದರ್ಥ. ಒಲೆ ಮತ್ತು ಬಿಸಿಲಿನಿಂದ ದೂರ, ತಂಪಾದ ಒಣ ಸ್ಥಳದಲ್ಲಿರಿಸಿ, ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಸಂಪರ್ಕಿಸಬೇಕು. 2022ರಿಂದ ಇದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಭಾಗವಾಗಿದೆ.

ಪ್ರಶ್ನೆ: ಶಾಲಾ ಮಕ್ಕಳ ತಂಡವನ್ನು ಕರೆದೊಯ್ಯಲು ಏನು ಮಾಡಬೇಕು?
ಉತ್ತರ: ಮುಖ್ಯೋಪಾಧ್ಯಾಯರು ಶಾಲೆಯ ಶೀರ್ಷಿಕೆ ಪತ್ರದಲ್ಲಿ ಮಕ್ಕಳ ಸಂಖ್ಯೆ, ಜೊತೆಗೆ ಬರುವ ಶಿಕ್ಷಕರ ಸಂಖ್ಯೆ ಹಾಗೂ ದಿನಾಂಕ ನಮೂದಿಸಿ ಸಂಗ್ರಹಾಲಯದ ಮುಖ್ಯಸ್ಥರಿಗೆ ಮುಂಚಿತವಾಗಿ ಬರೆಯಬೇಕು. ಮೇ 18ರ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನದ ಸುಮಾರಿಗೆ ವಿಶೇಷ ಕಾರ್ಯಕ್ರಮಗಳಿರುವ ಸಂಭವವಿರುತ್ತದೆ.

11. ಸೂಚನೆ

ಸಮಯ, ಶುಲ್ಕ ಮತ್ತು ರಜಾ ದಿನಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅವುಗಳನ್ನು ಇಲ್ಲಿ ನಮೂದಿಸಿಲ್ಲ. ಸಂಬಂಧಿಸಿದ ಸಂಸ್ಥೆಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಹೊಸದಾಗಿ ಬಂದ ಕುಟುಂಬಗಳು ವಿಳಾಸ ಬದಲಾವಣೆಯ ಅರ್ಜಿ ಇತ್ಯರ್ಥವಾಗುವವರೆಗೆ ಕಾಯದೆ, ಬರುವ ಭಾನುವಾರದಿಂದಲೇ ಈ ಸೌಲಭ್ಯಗಳ ಪ್ರಯೋಜನ ಪಡೆಯಬೇಕೆಂದು ಕೋರಲಾಗಿದೆ.